ಹಿತ್ತಲ ಕೋಳಿಗೆ ಪಾಲಿಕೆ ನೋಟಿಸ್ ಬಂದರೆ: ಬಳ್ಳಾರಿಯವರಿಗೆ ಹಂತ ಹಂತದ ದಾರಿ

"ಹಿತ್ತಲಲ್ಲಿ ಆರು ಜವಾರಿ ಕೋಳಿ ಅದಾವು. ಇದು ವಸತಿ ವಲಯ, ಕೋಳಿ ಸಾಕಂಗಿಲ್ಲ, ತೆಗೀರಿ ಅಂತ ಬಂದು ಹೇಳಿಹೋದ್ರು. ಈಗ ಏನ್ ಮಾಡ್ಬೇಕು?" ಕೌಲ್ ಬಜಾರಿನಿಂದ, ಬಂಡಿಹಟ್ಟಿಯಿಂದ, ಸಿರುಗುಪ್ಪ ರಸ್ತೆಯ ಹೊಸ ಬಡಾವಣೆಗಳಿಂದ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಬ್ಬೊಬ್ಬರಿಗೇ ಉತ್ತರ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ. ನಾನು ವಕೀಲನಲ್ಲ, ಅರ್ಜಿ ಬರೆದುಕೊಟ್ಟು ರೂಢಿ ಇರುವವನು. ಕೋರ್ಟಿನ ಹಂತಕ್ಕೆ ಬಂದರೆ ವಕೀಲರನ್ನೇ ಹಿಡಿಯಬೇಕು.

"ಸಾಕಬಹುದಾ, ಬಾರದಾ?" ಎಂದು ಕೇಳುವವರಿಗೆ ಒಂದೇ ಮಾತಿನ ಉತ್ತರ ಇಲ್ಲ. ಕೋಳಿ ಸಾಕುವುದು ನಿಮ್ಮ ಮೂಲಭೂತ ಹಕ್ಕು ಎಂದು ವಾದಿಸಿದರೆ ಗೆಲ್ಲುವುದು ಕಷ್ಟ. "ಯಾವ ನಿಯಮದ ಯಾವ ಸಾಲಿನಲ್ಲಿ ಬೇಡ ಎಂದಿದೆ, ತೋರಿಸಿ" ಎಂದು ಬರವಣಿಗೆಯಲ್ಲಿ ಕೇಳಿದವರಿಗೆ ಮಾತ್ರ ಮಾತಾಡಲು ಜಾಗ ಸಿಗುತ್ತದೆ. ಕೆಳಗಿನ ಹಂತಗಳೆಲ್ಲ ಆ ಕೇಳುವ ಕ್ರಮವೇ.

ಮೊದಲು ಕೂಡಿಸಿಕೊಳ್ಳಬೇಕಾದ ಕಾಗದಗಳು: ನೋಟಿಸಿನ ಜೆರಾಕ್ಸ್, ಖಾತಾ, ಈ ವರ್ಷದ ಆಸ್ತಿ ತೆರಿಗೆ ರಸೀದಿ, ಕ್ರಯಪತ್ರ, ಮನೆಯ ಮಂಜೂರಾದ ನಕ್ಷೆ, ಗೂಡಿನ ಫೋಟೊಗಳು, ಪಶು ಆಸ್ಪತ್ರೆಯ ಲಸಿಕೆ ಚೀಟಿ. ಜೊತೆಗೆ ಒಂದು ನೋಟ್‌ಬುಕ್. ಯಾರು ಯಾವತ್ತು ಬಂದರು, ಏನು ಹೇಳಿದರು, ಅಷ್ಟನ್ನು ಅವತ್ತೇ ಬರೆದಿಡಿ.

ಹಂತ 1: ನೋಟಿಸ್ ಯಾವ ಬಾಗಿಲಿಂದ ಬಂದಿದೆ ನೋಡಿ

ಬಹಳ ಜನ ಇಲ್ಲೇ ಎಡವುತ್ತಾರೆ. "ವಲಯದ ರೂಲ್ಸು" ಎಂದು ಬಾಯಲ್ಲಿ ಹೇಳಿರುತ್ತಾರೆ, ಕಾಗದದಲ್ಲಿ ಬೇರೇನೋ ಇರುತ್ತದೆ. ಹಿತ್ತಲ ಕೋಳಿಯ ಮೇಲೆ ಕ್ರಮ ಬರಲು ನಾಲ್ಕು ಬಾಗಿಲುಗಳಿವೆ. ನಾಲ್ಕಕ್ಕೂ ಉತ್ತರ ಬೇರೆ ಬೇರೆ.

ಒಂದು, ವಲಯ ನಿಯಮ. ಊರಿನ ಮಹಾಯೋಜನೆಯಲ್ಲಿ, ಅಂದರೆ ಮಾಸ್ಟರ್ ಪ್ಲಾನಿನಲ್ಲಿ, ಯಾವ ಜಾಗದಲ್ಲಿ ಏನಿರಬೇಕು ಎಂದು ಗೆರೆ ಎಳೆದಿರುತ್ತಾರೆ. ನಕ್ಷೆಯಲ್ಲಿ ಹಳದಿ ಬಣ್ಣ ವಾಸಕ್ಕೆ, ನೀಲಿ ವಾಣಿಜ್ಯಕ್ಕೆ, ನೇರಳೆ ಕೈಗಾರಿಕೆಗೆ. ಪ್ರತಿ ವಲಯಕ್ಕೂ ಅಲ್ಲಿ ಒಪ್ಪಿದ ಬಳಕೆಗಳ ಪಟ್ಟಿ ಇರುತ್ತದೆ. ಇದರ ಬೇರು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನೆ ಕಾಯ್ದೆ, 1961ರಲ್ಲಿದೆ.

ಎರಡು, ಅನಧಿಕೃತ ಕಟ್ಟಡ. ಕೋಳಿಗಲ್ಲ, ಗೂಡಿಗೆ ಬಂದ ನೋಟಿಸ್ ಇದು. ಕಾಂಪೌಂಡಿಗೆ ಅಂಟಿಸಿ ಇಟ್ಟಿಗೆ ಗೋಡೆ ಎಬ್ಬಿಸಿ ತಗಡು ಹೊದಿಸಿದ್ದರೆ, ಬಿಡಬೇಕಾದ ಖಾಲಿ ಜಾಗದಲ್ಲಿ ಕಟ್ಟಿದ್ದೀರಿ ಎಂದು ಹಿಡಿಯುತ್ತಾರೆ. ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆ, 1976ರ ಕಲಂ 321 ಎಂದು ಬರೆದಿದ್ದರೆ ಅದು ಈ ಬಾಗಿಲು.

ಮೂರು, ಪರವಾನಗಿ ಇಲ್ಲದ ವ್ಯಾಪಾರ. ಗೇಟಿಗೆ "ಜವಾರಿ ತತ್ತಿ ಸಿಗುತ್ತವೆ" ಎಂಬ ರಟ್ಟು ತೂಗುಹಾಕಿದವರಿಗೆ ಬರುವುದು ಇದೇ.

ನಾಲ್ಕು, ಸಾರ್ವಜನಿಕ ಉಪದ್ರವ. ವಾಸನೆ, ನೊಣ, ಕೂಗು. ಇದನ್ನು ಪಾಲಿಕೆಯ ಆರೋಗ್ಯ ವಿಭಾಗ ನೋಡಬಹುದು. ತಹಶೀಲ್ದಾರ್ ಅಥವಾ ಸಹಾಯಕ ಆಯುಕ್ತರು ಕಾರ್ಯನಿರ್ವಾಹಕ ದಂಡಾಧಿಕಾರಿಯಾಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 152ರ ಕೆಳಗೂ ಆದೇಶ ಕೊಡಬಹುದು. ಹಳೆಯ ಸಿಆರ್‌ಪಿಸಿ 133 ಎಂದು ಕೇಳಿದ್ದವರಿಗೆ, ಅದೇ ಇದು.

ಎಚ್ಚರಿಕೆ: ನೋಟಿಸಿನಲ್ಲಿ ಕಲಂ ಸಂಖ್ಯೆಯೇ ಇಲ್ಲದಿದ್ದರೆ ಖುಷಿಪಟ್ಟು ಮೂಲೆಗೆ ಎಸೆಯಬೇಡಿ. ಅದು ಆ ನೋಟಿಸಿನ ದೋಷ, ನಿಮ್ಮ ಉತ್ತರದ ಮೊದಲ ಸಾಲು. ಉತ್ತರ ಕೊಡದಿದ್ದರೆ ಮಾತ್ರ ದೋಷ ನಿಮ್ಮದಾಗುತ್ತದೆ.

ಇನ್ನೂ ನೋಟಿಸೇ ಬಂದಿಲ್ಲ, ಆರೋಗ್ಯ ನಿರೀಕ್ಷಕರು ಬಾಯಲ್ಲಿ ಹೇಳಿ ಹೋಗಿದ್ದಾರೆ ಎಂದರೆ ಅರ್ಜಿ, ಆರ್‌ಟಿಐ ಯಾವುದಕ್ಕೂ ಈಗಲೇ ಕೈಹಾಕಬೇಡಿ. ನೇರ ನಾಲ್ಕನೇ ಹಂತಕ್ಕೆ ಹೋಗಿ. ಬಾಯಿಮಾತಿನಲ್ಲಿ ಹುಟ್ಟಿದ್ದು ಎಷ್ಟೋ ಸಲ ಬಾಯಿಮಾತಿನಲ್ಲೇ ಮುಗಿಯುತ್ತದೆ.

ಹಂತ 2: ಯಾವ ಕಚೇರಿ, ಯಾವ ವಲಯ

ನೋಟಿಸ್ ಕೊಡುವುದು ಪಾಲಿಕೆ, ವಲಯದ ಗೆರೆ ಎಳೆಯುವುದು ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ, ಜನರ ಬಾಯಲ್ಲಿ ಬುಡಾ. ಪಾಲಿಕೆಯಲ್ಲಿ ಕೇಳಿದರೆ ಬುಡಾಕ್ಕೆ ಹೋಗಿ ಎನ್ನುತ್ತಾರೆ, ಬುಡಾದಲ್ಲಿ ಕೇಳಿದರೆ ಪಾಲಿಕೆಗೆ ಹೋಗಿ ಎನ್ನುತ್ತಾರೆ. ಆದ್ದರಿಂದ ಎರಡೂ ಕಡೆ ಎರಡು ಬೇರೆ ಕಾಗದ ಕೇಳಿ. ಬುಡಾದಲ್ಲಿ ನಿಮ್ಮ ಸರ್ವೆ ನಂಬರು ಅಥವಾ ನಿವೇಶನ ಸಂಖ್ಯೆ ಕೊಟ್ಟು ಭೂ ಬಳಕೆ ದೃಢೀಕರಣ ಪತ್ರ ಕೇಳಬೇಕು. ಪಾಲಿಕೆಯಲ್ಲಿ ನೋಟಿಸಿಗೆ ಆಧಾರವಾದ ದೂರು ಮತ್ತು ಸ್ಥಳ ಪರಿಶೀಲನಾ ವರದಿ ಕೇಳಬೇಕು.

ರಾಯಚೂರು ಈಗ ಮಹಾನಗರ ಪಾಲಿಕೆ, ಅಲ್ಲಿಗೂ 1976ರ ಕಾಯ್ದೆಯೇ. ಕೊಪ್ಪಳ, ಗಂಗಾವತಿ, ಸಿರುಗುಪ್ಪ ನಗರಸಭೆಗಳಿಗೆ ಕರ್ನಾಟಕ ಪುರಸಭೆಗಳ ಕಾಯ್ದೆ, 1964. ಅಲ್ಲಿ ಆಯುಕ್ತರ ಬದಲು ಪೌರಾಯುಕ್ತರಿಗೆ ಬರೆಯಿರಿ. ಊರ ಅಂಚಿನ ಮನೆ ಇನ್ನೂ ಗ್ರಾಮ ಪಂಚಾಯ್ತಿ ವ್ಯಾಪ್ತಿಯಲ್ಲಿದ್ದರೆ ಪಾಲಿಕೆಗೆ ನೋಟಿಸ್ ಕೊಡುವ ಅಧಿಕಾರವೇ ಇರುವುದಿಲ್ಲ. ತೆರಿಗೆ ಎಲ್ಲಿ ಕಟ್ಟುತ್ತಿದ್ದೀರಿ ಎಂಬ ರಸೀದಿ ನೋಡಿದರೆ ಇದು ಗೊತ್ತಾಗುತ್ತದೆ. ಆದರೆ ಮಹಾಯೋಜನೆಯ ಗೆರೆ ಪಾಲಿಕೆಯ ಗಡಿ ದಾಟಿ ಹಳ್ಳಿಗಳವರೆಗೂ ಹೋಗಿರುತ್ತದೆ ಎಂಬುದು ನೆನಪಿರಲಿ.

ಇಲ್ಲೊಂದು ಹಳ್ಳ ಇದೆ. ಪ್ರಾಧಿಕಾರದ ನಿವೇಶನವಾಗಿದ್ದರೆ ನಿಮ್ಮ ಲೀಸ್ ಕಂ ಸೇಲ್ ಕರಾರು ತೆಗೆದು ಓದಿ. "ವಾಸಕ್ಕೆ ಮಾತ್ರ" ಎಂಬ ಷರತ್ತು ಅದರಲ್ಲಿ ಇರುತ್ತದೆ. ಅಪಾರ್ಟ್‌ಮೆಂಟಾದರೆ ಸಂಘದ ಉಪವಿಧಿ ಓದಿ. ಬಾಡಿಗೆಯವರಾದರೆ ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಇರಲಿ. ನೋಟಿಸ್ ಖಾತೆದಾರರ ಹೆಸರಿಗೆ ಬರುತ್ತದೆ, ಅವರು ಹೆದರಿದರೆ ಕೋಳಿಯ ಜೊತೆ ನೀವೂ ಮನೆ ಖಾಲಿ ಮಾಡಬೇಕಾಗುತ್ತದೆ.

ಹಂತ 3: ಹತ್ತು ರೂಪಾಯಿಯ ಅರ್ಜಿ

ಮಾಹಿತಿ ಹಕ್ಕು ಕಾಯ್ದೆ, 2005ರ ಕೆಳಗೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಅಂಚೆ ಕಚೇರಿಯಲ್ಲಿ ಸಿಗುವ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದದೊಳಗೆ. ಇದನ್ನು ಮರೆತು ನಾಲ್ಕು ಪುಟದ ಅಳಲು ಬರೆದ ಅರ್ಜಿಗಳು ತಿರಸ್ಕಾರವಾಗಿ ಬಂದದ್ದನ್ನು ಬೇಕಾದಷ್ಟು ನೋಡಿದ್ದೇನೆ. "ಏಕೆ" ಎಂದು ಕೇಳಬೇಡಿ, ಆ ಕಾಯ್ದೆಯಲ್ಲಿ ಕಾರಣ ಸಿಗುವುದಿಲ್ಲ, ದಾಖಲೆ ಸಿಗುತ್ತದೆ. ಒಕ್ಕಣೆ ಹೀಗಿದ್ದರೆ ಸಾಕು:

"ದಿನಾಂಕ ... ರ ನೋಟಿಸ್ ಸಂಖ್ಯೆ ... ಕ್ಕೆ ಸಂಬಂಧಿಸಿ ಈ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ. ಅ) ನೋಟಿಸಿಗೆ ಆಧಾರವಾದ ದೂರು. ಆ) ಸ್ಥಳ ಪರಿಶೀಲನಾ ವರದಿ ಮತ್ತು ಫೋಟೊಗಳು. ಇ) ವಸತಿ ವಲಯದ ಮನೆಯಲ್ಲಿ ಕೋಳಿ ಸಾಕುವುದನ್ನು ನಿಷೇಧಿಸುವ ನಿಯಮ ಅಥವಾ ಉಪವಿಧಿಯ ಪುಟ. ಈ) ಆ ಉಪವಿಧಿ ಪ್ರಕಟವಾದ ರಾಜ್ಯಪತ್ರದ ಪ್ರತಿ. ಉ) ಕಡತದ ಟಿಪ್ಪಣಿ ಹಾಳೆಗಳು."

ಮೂರು ಮತ್ತು ನಾಲ್ಕನೇ ಅಂಶಗಳೇ ಈ ಅರ್ಜಿಯ ಜೀವ. ಉಪವಿಧಿ ಎಂದರೆ ಕಾಯ್ದೆಯ ಕೆಳಗೆ ಸ್ಥಳೀಯ ಸಂಸ್ಥೆ ತಾನೇ ಮಾಡಿಕೊಳ್ಳುವ ನಿಯಮ. ಅದನ್ನು ಕರಡಾಗಿ ಪ್ರಕಟಿಸಿ, ಜನರ ಆಕ್ಷೇಪಣೆ ಕೇಳಿ, ಸರ್ಕಾರದ ಒಪ್ಪಿಗೆ ಪಡೆಯಬೇಕು. ಸಭೆಯಲ್ಲಿ ಯಾರೋ ಮಾತಾಡಿದ್ದು ಉಪವಿಧಿಯಾಗುವುದಿಲ್ಲ.

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಎಚ್ಚರಿಕೆ: ಆರ್‌ಟಿಐ ಹಾಕಿದ ಮಾತ್ರಕ್ಕೆ ನೋಟಿಸಿನ ಗಡುವು ನಿಲ್ಲುವುದಿಲ್ಲ. ಏಳು ದಿನ ಎಂದಿದ್ದರೆ ಏಳನೇ ದಿನದೊಳಗೆ ಉತ್ತರ ಹೋಗಲೇಬೇಕು. "ದಾಖಲೆ ಕೇಳಿದ್ದೇನೆ, ಬಂದ ಮೇಲೆ ಪೂರ್ಣ ಉತ್ತರ ಕೊಡುತ್ತೇನೆ, ಅಲ್ಲಿಯವರೆಗೆ ಕ್ರಮ ಬೇಡ" ಎಂದು ಚಿಕ್ಕ ಉತ್ತರವನ್ನಾದರೂ ಕೊಡಿ.

ಹಂತ 4: ಮೊದಲು ನಿಮ್ಮ ಹಿತ್ತಲು ನೋಡಿಕೊಳ್ಳಿ

ಇದನ್ನು ಓದುವಾಗ ಕೆಲವರಿಗೆ ಸಿಟ್ಟು ಬರಬಹುದು. ಆದರೂ ಹೇಳುತ್ತೇನೆ: ನನ್ನ ಕೈಗೆ ಬಂದ ನೋಟಿಸುಗಳಲ್ಲಿ ಹೆಚ್ಚಿನವು ವಲಯದಿಂದ ಹುಟ್ಟಿದ್ದಲ್ಲ, ಪಕ್ಕದ ಮನೆಯ ಕಿಟಕಿಯಿಂದ ಹುಟ್ಟಿದ್ದು. ನಿಮ್ಮ ಕೋಳಿ ಅವರ ಅಂಗಳದಲ್ಲಿ ಒಣಹಾಕಿದ ಶೇಂಗಾ ಕೆದರಿದ ದಿನವೇ ದೂರು ಹುಟ್ಟಿರುತ್ತದೆ. ವಲಯ ಎಂಬುದು ಆಮೇಲೆ ಸೇರಿಸಿದ ಹೆಸರು.

ಹುಂಜ ಬೇಡ. ತತ್ತಿಗೆ ಹುಂಜ ಬೇಕೇ ಬೇಕು ಎಂದು ನಂಬಿದವರು ಈಗಲೂ ಇದ್ದಾರೆ. ಮರಿ ಮಾಡಿಸಲು ಹುಂಜ ಬೇಕು, ತತ್ತಿಗೆ ಬೇಡ, ಹ್ಯಾಂಟಿ ತಾನಾಗಿ ಇಡುತ್ತದೆ. ಶಬ್ದ ಮಾಲಿನ್ಯ ನಿಯಮ, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗಿನ ಮಿತಿ 45 ಡೆಸಿಬೆಲ್. ಹುಂಜ ಕೂಗುವುದು ನಸುಕಿನ ನಾಲ್ಕಕ್ಕೆ. ಆ ಒಂದು ಹಕ್ಕಿಯನ್ನು ಹಳ್ಳಿಯ ನೆಂಟರ ಮನೆಗೆ ಕಳಿಸಿಕೊಟ್ಟರೆ ಎದುರಿನವರ ಅರ್ಧ ಬಲ ಅಲ್ಲೇ ಹೋಯಿತು. ಸಂಕ್ರಾಂತಿಗೆಂದು ಪಂದ್ಯದ ಹುಂಜ ಸಾಕಿದ್ದರೆ ಈ ಲೇಖನ ನಿಮಗಲ್ಲ. ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರಂತೆ ಕೋಳಿ ಕಾಳಗ ಆಡಿಸುವುದು ಅಪರಾಧ.

ಬಿಡಬೇಡಿ, ಕೂಡಿಹಾಕಿ. ಒಂದು ಕೋಳಿಗೆ ಎರಡು ಚದರ ಅಡಿಯಾದರೂ ನೆಲ ಇರಲಿ. ಗೂಡು ಕಾಂಪೌಂಡಿನಿಂದ ದೂರ ಇರಲಿ, ಎತ್ತಿ ಬೇರೆ ಕಡೆ ಇಡುವಂತಿರಲಿ. ಮರದ ಚೌಕಟ್ಟು, ಜಾಲರಿ ಸಾಕು. ಎತ್ತಿಡಬಹುದಾದ ಗೂಡಿಗೆ "ಕಟ್ಟಡ" ಎಂಬ ಹೆಸರು ಅಂಟಿಸುವುದು ಕಷ್ಟ, ಎರಡನೇ ಬಾಗಿಲು ಹೀಗೆ ಮುಚ್ಚುತ್ತದೆ. ಬರೀ ತಗಡಿನ ಮಾಡು ಹಾಕಬೇಡಿ, ಬಳ್ಳಾರಿಯ ಮೇ ತಿಂಗಳ ಬಿಸಿಲಿಗೆ ಪಾಲಿಕೆ ಬರುವ ಮೊದಲೇ ಕೋಳಿ ಸಾಯುತ್ತವೆ.

ವಾಸನೆಗೆ ಮದ್ದು ನಮ್ಮ ಕಡೆಯೇ ಇದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಭತ್ತದ ಹೊಟ್ಟು ಸಿಗುತ್ತದೆ. ನೆಲಕ್ಕೆ ಮೂರು ನಾಲ್ಕು ಇಂಚು ಹಾಸಿ, ವಾರಕ್ಕೆರಡು ಸಲ ಕೆದಕಿ, ಒದ್ದೆಯಾದ ಕಡೆ ಸುಣ್ಣದ ಪುಡಿ ಎರಚಿ. ವಾಸನೆ ಬರುವುದು ಹಿಕ್ಕೆಯಿಂದಲ್ಲ, ಒದ್ದೆ ಹಿಕ್ಕೆಯಿಂದ. ಹಳೆ ಹೊಟ್ಟನ್ನು ಚರಂಡಿಗೆ ಸುರಿದರೆ ಮಾತ್ರ ಯಾವ ವಾದವೂ ಉಳಿಯುವುದಿಲ್ಲ. ಗಿಡಕ್ಕೆ ಹಾಕಿ ಅಥವಾ ತೋಟದವರಿಗೆ ಕೊಡಿ.

ಕೊಕ್ಕರೆ ರೋಗಕ್ಕೆ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ ಚೀಟಿ ಇಟ್ಟುಕೊಳ್ಳಿ. ಇವೆಲ್ಲ ಮುಗಿದ ಮೇಲೆ ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಪಕ್ಕದವರು ಒಪ್ಪಿದರೆ "ನಮಗೆ ತೊಂದರೆ ಇಲ್ಲ" ಎಂದು ಎರಡು ಸಾಲು ಬರೆಸಿಕೊಂಡು ಸಹಿ ಹಾಕಿಸಿ. ಪಾಲಿಕೆಯ ಎದುರು ಹತ್ತು ಕಾನೂನಿನ ಸಾಲಿಗಿಂತ ಇದು ತೂಕದ ಕಾಗದ. ಅವರು ಒಪ್ಪದಿದ್ದರೆ ಜಗಳಕ್ಕೆ ಹೋಗಬೇಡಿ, ವಾರ ಬಿಟ್ಟು ಇನ್ನೊಮ್ಮೆ ಕೇಳಿ. ನಾಲ್ಕು ತತ್ತಿ ಕೊಟ್ಟು ಕೇಳಿದರೆ ಲಂಚವೇನಲ್ಲ.

ಹಂತ 5: ಲಿಖಿತ ಉತ್ತರ

ಕೋಳೀನ ಕೇಳಿ ಖಾರ ಅರೀತಾರಾ ಎಂಬ ಗಾದೆ ಅಡುಗೆಮನೆಗೆ ಸರಿ, ಪಾಲಿಕೆಗೆ ಅಲ್ಲ. ಆದೇಶ ಹೊರಡಿಸುವ ಮೊದಲು ನಿಮ್ಮ ಮಾತು ಕೇಳಬೇಕು. ಇದಕ್ಕೆ ಸಹಜ ನ್ಯಾಯ ಎನ್ನುತ್ತಾರೆ. ಉತ್ತರದ ಕೊನೆಯಲ್ಲಿ "ವೈಯಕ್ತಿಕ ವಿಚಾರಣೆಗೆ ಅವಕಾಶ ಕೊಡಿ" ಎಂಬ ಸಾಲನ್ನು ಮರೆಯಬೇಡಿ. ಅದನ್ನು ಕೇಳಿಯೂ ಕೊಡದಿದ್ದರೆ ಮುಂದೆ ಕೋರ್ಟಿನಲ್ಲಿ ನಿಮಗದು ಆಸರೆ.

ವಲಯದ ಬಾಗಿಲಿಂದ ಬಂದ ನೋಟಿಸಾದರೆ ವಾದ ಹೀಗೆ ಕಟ್ಟಿ. ವಲಯ ನಿಯಮ ನೋಡುವುದು ಜಾಗದ ಮುಖ್ಯ ಬಳಕೆಯನ್ನು. ನಿಮ್ಮ ಜಾಗದ ಮುಖ್ಯ ಬಳಕೆ ವಾಸ. ಮನೆ ಬಳಕೆಯ ತತ್ತಿಗೆ ಸಾಕಿದ ನಾಲ್ಕಾರು ಕೋಳಿ ಅದರ ಜೊತೆಗಿನ ಸಣ್ಣ ಬಳಕೆ, ಕಾನೂನಿನ ಮಾತಿನಲ್ಲಿ ಆನುಷಂಗಿಕ ಬಳಕೆ. ಹಿತ್ತಲಲ್ಲಿ ಬದನೆ, ಟೊಮ್ಯಾಟೊ ಬೆಳೆದ ಮಾತ್ರಕ್ಕೆ ಮನೆ ಕೃಷಿ ವಲಯ ಆಗುವುದಿಲ್ಲವಲ್ಲ, ಹಾಗೆ. ನಿಯಮದಲ್ಲಿ "ಕೋಳಿ ಸಾಕಾಣಿಕೆ" ಎಂಬ ಮಾತು ಕೃಷಿ ವಲಯದ ಪಟ್ಟಿಯಲ್ಲಿ ಕಂಡರೆ, ಅದು ಫಾರಂ ಕುರಿತದ್ದು ಎಂದು ತೋರಿಸಿ. ಇದಕ್ಕೆ ಒಂದು ಊರುಗೋಲಿದೆ: ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಕೋಳಿ ಫಾರಂ ಮಾರ್ಗಸೂಚಿಯಲ್ಲಿ "ಸಣ್ಣ ಫಾರಂ" ಶುರುವಾಗುವುದೇ 5,000 ಹಕ್ಕಿಗಳಿಂದ. ಇದು ನಿಮಗೆ ಹಕ್ಕು ಕೊಡುವುದಿಲ್ಲ, ನಿಮ್ಮ ಆರು ಕೋಳಿಯನ್ನು ಫಾರಂ ಎಂದು ಕರೆಯುವುದು ಎಷ್ಟು ದೂರದ ಮಾತು ಎಂದು ತೋರಿಸುತ್ತದೆ, ಅಷ್ಟೆ.

ಪಟ್ಟಿಯಲ್ಲಿ "ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರದ ಅನುಮತಿಯಿಂದ" ಎಂಬ ಎರಡನೇ ಭಾಗವೂ ಇರುತ್ತದೆ. ಅದನ್ನೂ ಓದಿ. ಅಲ್ಲಿ ದಾರಿ ಕಂಡರೆ ವಾದದ ಬದಲು ಅನುಮತಿಯನ್ನೇ ಕೇಳಬಹುದು. ಭೂ ಬಳಕೆ ಬದಲಾವಣೆಗೆ ಹಾಕುತ್ತೇನೆ ಎನ್ನುವವರಿದ್ದಾರೆ. 1961ರ ಕಾಯ್ದೆಯ ಕಲಂ 14ಎ ಅದಕ್ಕಿದೆ, ಆದರೆ ಪತ್ರಿಕಾ ಪ್ರಕಟಣೆ, ಆಕ್ಷೇಪಣೆ, ಶುಲ್ಕ ಎಂದು ಓಡಾಡಿಸುತ್ತದೆ. ಆರು ಕೋಳಿಗೆ ಅದು ಇಲಿಗೆ ಹೆದರಿ ಮನೆ ಸುಟ್ಟಂತೆ.

ವ್ಯಾಪಾರದ ಆರೋಪ ಇದ್ದರೆ ಸುಳ್ಳು ಹೇಳಬೇಡಿ. ನಿಜವಾಗಿ ಮಾರುತ್ತಿದ್ದರೆ ನಿಲ್ಲಿಸಿ, ನಿಲ್ಲಿಸಿದ್ದೇನೆ ಎಂದು ಬರೆಯಿರಿ. ಇಲ್ಲವೇ ಪರವಾನಗಿ ಕೇಳಿ. ಮನೆ ಮುಂದೆ ಕೊಯ್ದು ಮಾಂಸ ಮಾರುವುದಂತೂ ಪೂರ್ತಿ ಬೇರೆ ವ್ಯವಹಾರ, ಅದಕ್ಕೆ ಈ ವಾದ ಯಾವುದೂ ಒಗ್ಗುವುದಿಲ್ಲ.

ಉತ್ತರವನ್ನು ಟಪಾಲು ವಿಭಾಗದಲ್ಲೇ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ಆವಕ ಸಂಖ್ಯೆ, ದಿನಾಂಕ ಹಾಕಿಸಿಕೊಳ್ಳಿ. "ಸಾಹೇಬ್ರ ಟೇಬಲ್ ಮೇಲೆ ಇಟ್ಟು ಬಂದೆ" ಎಂಬುದು ಕೊಟ್ಟಂತೆ ಅಲ್ಲ. ಮೊಹರು ಹಾಕಲು ಹಿಂದೆಮುಂದೆ ನೋಡಿದರೆ ಅದೇ ದಿನ ಸ್ಪೀಡ್ ಪೋಸ್ಟ್ ಮಾಡಿ.

ಎಚ್ಚರಿಕೆ, ಇದು ದೊಡ್ಡದು: ಉತ್ತರ ಬರೆಯುವ ಮೊದಲು ನಿಮ್ಮ ಮನೆಯ ಮಂಜೂರಾದ ನಕ್ಷೆಯನ್ನೂ ಕಟ್ಟಿದ ಮನೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೇಲೆ ಅನುಮತಿ ಇಲ್ಲದ ಕೋಣೆ, ರಸ್ತೆಗೆ ಚಾಚಿದ ಮೆಟ್ಟಿಲು ಇದ್ದರೆ ಕೋಳಿ ನೋಡಲು ಬಂದ ಎಂಜಿನಿಯರ್ ಕಣ್ಣು ಅಲ್ಲಿಗೂ ಹೋಗುತ್ತದೆ. ಅಂಥ ಮನೆಯವರಿಗೆ ನನ್ನ ಸಲಹೆ: ನಾಲ್ಕನೇ ಹಂತದಲ್ಲೇ ಮುಗಿಸಿ.

ಹಂತ 6: ತೆಗೆಯಲು ಬಂದರೆ, ಆದೇಶ ಬಂದರೆ

ಸಿಬ್ಬಂದಿ ಗಾಡಿ ತಂದು ನಿಂತರೆ ಲಿಖಿತ ಆದೇಶ ಕೇಳಿ, ಫೋಟೊ ತೆಗೆಯಿರಿ. ಏನೇನು ಒಯ್ದರು ಎಂಬ ಮಹಜರು ಬರೆಸಿ ಪ್ರತಿ ಕೇಳಿ. ಗೇಟಿಗೆ ಅಡ್ಡ ನಿಲ್ಲುವುದು, ಕೈ ಹಿಡಿದು ಎಳೆಯುವುದು ಬೇಡವೇ ಬೇಡ. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂಬ ಕೇಸು ಬಿದ್ದರೆ ಕೋಳಿಯ ಮಾತು ಅಲ್ಲಿಗೆ ಮುಗಿದು ನಿಮ್ಮ ಜಾಮೀನಿನ ಮಾತು ಶುರುವಾಗುತ್ತದೆ.

ಅಂತಿಮ ಆದೇಶ ಬಂದರೆ ಅದು ಕೈಸೇರಿದ ದಿನಾಂಕವನ್ನು ಆದೇಶದ ಮೇಲೇ ಬರೆದಿಡಿ, ಮೇಲ್ಮನವಿಯ ದಿನಗಳು ಅಲ್ಲಿಂದ ಲೆಕ್ಕ. ಕಲಂ 321ರಲ್ಲಿ ಮೊದಲು ತಾತ್ಕಾಲಿಕ ಆದೇಶ, ಕಾರಣ ಕೇಳಿದ ಮೇಲೆ ಸ್ಥಿರೀಕರಣ ಆದೇಶ. ಸ್ಥಿರೀಕರಣದ ಮೇಲೆ ಕರ್ನಾಟಕ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅಧಿಕಾರವೇ ಇಲ್ಲದೆ ಅಥವಾ ಕೇಳದೆಯೇ ಮಾಡಿದ ಆದೇಶವಾದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಬಳ್ಳಾರಿ ಮತ್ತು ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ಬೆಂಗಳೂರಿಗೆ ಹೋಗಬೇಕಿಲ್ಲ.

ಖರ್ಚಿಗೆ ಹೆದರಿ ಬಿಡುವ ಮೊದಲು ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. ಹಿತ್ತಲ ಕೋಳಿ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಬದುಕು. ಖಾತೆ ಗಂಡನ ಹೆಸರಲ್ಲಿದ್ದರೂ ಕೋಳಿಯ ಒಡತಿ ಯಾರು ಎಂದು ಪ್ರಾಧಿಕಾರದಲ್ಲಿ ಹೇಳಿ ನೋಡಿ.

ಹಂತ 7: ನಿಯಮವೇ ಅಡ್ಡಿಯಾದರೆ

ಆರ್‌ಟಿಐ ಉತ್ತರದಲ್ಲಿ ಸ್ಪಷ್ಟ ನಿಷೇಧ ನಿಜವಾಗಿಯೂ ಸಿಕ್ಕರೆ ನೋಟಿಸಿನ ಮೇಲೆ ಗುದ್ದಾಡುವುದು ವ್ಯರ್ಥ. ನಿಯಮ ಬದಲಿಸಲು ಎರಡು ದಾರಿ. ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದು 1961ರ ಕಾಯ್ದೆ ಹೇಳುತ್ತದೆ. ಕರಡು ಪ್ರಕಟವಾದ 60 ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ, ಸಲಹೆ ಕೊಡಬಹುದು. ಆ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಬಂದು ಹೋಗುತ್ತದೆ, ನೋಡುವವರಿಲ್ಲ. ತಿಂಗಳಿಗೊಮ್ಮೆ ಬುಡಾದ ಸೂಚನಾ ಫಲಕ ನೋಡಿ ಬನ್ನಿ.

ಇನ್ನೊಂದು ದಾರಿ ಪಾಲಿಕೆಯ ಉಪವಿಧಿ. ವಾರ್ಡ್ ಸದಸ್ಯರ ಮೂಲಕ ಮನವಿ ಕೊಡಿ, ಆದರೆ "ಕೋಳಿ ಸಾಕಲು ಬಿಡಿ" ಎಂದಷ್ಟೇ ಬರೆದರೆ ಯಾರೂ ಓದುವುದಿಲ್ಲ. ಷರತ್ತನ್ನು ನೀವೇ ಬರೆದು ಕೊಡಿ: ಮನೆಗೆ ಇಷ್ಟೇ ಕೋಳಿ, ಹುಂಜ ಇಲ್ಲ, ಗೂಡು ನೆರೆಮನೆ ಗೋಡೆಯಿಂದ ಇಷ್ಟು ಅಡಿ ದೂರ, ವರ್ಷಕ್ಕೊಮ್ಮೆ ಲಸಿಕೆ ಚೀಟಿ, ಮಾರಾಟ ಇಲ್ಲ. ಒಬ್ಬರ ಸಹಿಗಿಂತ ಒಂದೇ ಓಣಿಯ ಇಪ್ಪತ್ತು ಮನೆಯ ಸಹಿ ಇರಲಿ. ಅದರಲ್ಲಿ ಕೋಳಿ ಸಾಕದವರೂ ಇದ್ದರೆ ಇನ್ನೂ ಒಳ್ಳೆಯದು.

ಈ ಹಂತಗಳು ನಡೆಯದ ಒಂದು ಸಮಯ

ಹಕ್ಕಿಜ್ವರ. 2025ರಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಅದು ಕಾಣಿಸಿಕೊಂಡದ್ದು ನೆನಪಿರಬಹುದು. ರೋಗ ದೃಢಪಟ್ಟ ಜಾಗದ ಸುತ್ತ ಒಂದು ಕಿಲೋಮೀಟರ್ ಒಳಗಿನ ಕೋಳಿಗಳನ್ನು ಕೊಲ್ಲುತ್ತಾರೆ, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು. ಆಗ ವಲಯ, ನೋಟಿಸ್, ವಿಚಾರಣೆ ಎಂದು ವಾದ ಹೂಡಬೇಡಿ, ಕೋಳಿಯನ್ನು ಬೇರೆ ಊರಿಗೆ ಸಾಗಿಸಲೂ ಬೇಡಿ. ಸತ್ತ ಕೋಳಿ ಕಂಡರೆ ಬರಿಗೈಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. ಪರಿಹಾರ ಸಿಗುವುದು ಇಲಾಖೆಯವರು ಕೊಂದ ಹಕ್ಕಿಗೆ, ಅದಕ್ಕೆ ಮುಂಚೆ ರೋಗದಿಂದ ಸತ್ತದ್ದಕ್ಕಲ್ಲ. ಆದ್ದರಿಂದ ತಡಮಾಡದೆ ಹೇಳಿ. ಅವರು ಬರೆದ ಪಟ್ಟಿಯಲ್ಲಿ ಕೋಳಿಗಳ ಸಂಖ್ಯೆ ಸರಿಯಿದೆಯೇ ಎಂದು ಎಣಿಸಿ ನೋಡಿದ ಮೇಲೆಯೇ ಸಹಿ ಹಾಕಿ.